ಮೌಯಿಯಿಂದ ಮೊಲೊಕಿನಿಗೆ ಅರ್ಧ ದಿನದ ಕ್ಯಾಟಮರಾನ್ ಮತ್ತು ಸ್ನಾರ್ಕೆಲಿಂಗ್: ಈಜು ಬಾರದವರನ್ನೂ ಕರೆದುಕೊಂಡು ಹೋಗಬಹುದೇ?

ಹೊಸಪಯಣಿಗ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ಹವಾಯಿಯ ಮೌಯಿ ದ್ವೀಪಕ್ಕೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಜೊತೆಗೆ ನಮ್ಮಪ್ಪ. ಮೊಲೊಕಿನಿ ಅನ್ನೋ ಪುಟ್ಟ ದ್ವೀಪದ ಹತ್ತಿರ ಕ್ಯಾಟಮರಾನ್‌ನಲ್ಲಿ (ಜೋಡಿ ಒಡಲಿನ ಅಗಲ ದೋಣಿ) ಕರೆದುಕೊಂಡು ಹೋಗಿ, ಸ್ನಾರ್ಕೆಲಿಂಗ್ (ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು, ತೇಲುತ್ತಾ ನೀರೊಳಗೆ ನೋಡುವುದು) ಮಾಡಿಸಿ, ಅರ್ಧ ದಿನದಲ್ಲಿ ವಾಪಸ್ ಬಿಡುತ್ತಾರಂತೆ. ಮಗಳು ಚೆನ್ನಾಗಿ ಈಜುತ್ತಾಳೆ. ಹೆಂಡತಿಗೆ ಈಜು ಬರುವುದಿಲ್ಲ, ಆದರೆ ಮೀನು ನೋಡಲೇಬೇಕು ಅಂತ ಆಸೆ. ಅಪ್ಪನಿಗೆ 68, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಚಿಕ್ಕಂದಿನಲ್ಲಿ ಕೆರೆಯಲ್ಲಿ ಈಜಿದವರು, "ನಾನೂ ಇಳೀತೀನಿ" ಅಂತಿದ್ದಾರೆ.

ಬೆಳಗಿನ ಟ್ರಿಪ್‌ಗಿಂತ ಮಧ್ಯಾಹ್ನದ್ದು ಸಾಕಷ್ಟು ಅಗ್ಗ. ಮಧ್ಯಾಹ್ನದ್ದೇ ತೆಗೆದುಕೊಂಡರೆ ಏನಾದರೂ ತೊಂದರೆಯೇ? ಮುಖ ಪೂರ್ತಿ ಮುಚ್ಚುವ ಮಾಸ್ಕ್ ಕೊಳ್ಳೋಣವೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕಡಲಕಾಗೆ

ಬೆಳಗಿನದೇ ಹಿಡಿಯಿರಿ, ಇದರಲ್ಲಿ ಎರಡನೇ ಮಾತಿಲ್ಲ. ಕಾರಣ ಗಾಳಿ.

ಮೌಯಿ ಅಂದರೆ ಎರಡು ಜ್ವಾಲಾಮುಖಿಗಳು, ನಡುವೆ ತಗ್ಗಾದ ಬಯಲು. ಪೂರ್ವಕ್ಕೆ 3,055 ಮೀಟರ್ ಎತ್ತರದ ಹಲೆಯಾಕಲ, ಪಶ್ಚಿಮಕ್ಕೆ ಹಳೆಯ ಬೆಟ್ಟಗಳ ಸಾಲು. ಈಶಾನ್ಯದಿಂದ ವರ್ಷದ ಬಹುಪಾಲು ಬೀಸುವ ವಾಣಿಜ್ಯ ಮಾರುತ ಎರಡು ಬೆಟ್ಟಗಳ ಮಧ್ಯೆ ಇಕ್ಕಟ್ಟಿಗೆ ಸಿಕ್ಕಿ ವೇಗ ಹೆಚ್ಚಿಸಿಕೊಂಡು ದಕ್ಷಿಣಕ್ಕೆ ನುಗ್ಗುತ್ತದೆ. ಅದು ಹೊರಬೀಳುವ ಬಾಯಲ್ಲೇ ಮಾಲಾಯ ಬಂದರು ಇರುವುದು. ದೊಡ್ಡ ಕ್ಯಾಟಮರಾನ್‌ಗಳು ಹೊರಡುವುದು ಹೆಚ್ಚಾಗಿ ಅಲ್ಲಿಂದಲೇ. ಬೆಳಿಗ್ಗೆ ಏಳರ ಹೊತ್ತಿಗೆ ನೀರು ಶಾಂತವಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿಯೂ ಏರುತ್ತದೆ, ಹನ್ನೊಂದರ ಸುಮಾರಿಗೆ ಅಲೆಗಳ ನೆತ್ತಿ ಬೆಳ್ಳಗೆ ಒಡೆಯಲು ಶುರು. ಮಧ್ಯಾಹ್ನದ ಟ್ರಿಪ್ ಅಗ್ಗ ಇರುವುದು ಅದಕ್ಕೇ. ಎಷ್ಟೋ ದಿನ ಆ ಹೊತ್ತಿಗೆ ಮೊಲೊಕಿನಿಗೆ ಹೋಗಲಾಗದೆ ದಡದ ಹತ್ತಿರದ ಬೇರೆ ಹವಳದ ಜಾಗಕ್ಕೆ ಕರೆದೊಯ್ಯುತ್ತಾರೆ. ಮೊಲೊಕಿನಿಯನ್ನೇ ನೋಡಬೇಕು ಅಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ.

ಇನ್ನು ಜಾಗದ ಬಗ್ಗೆ ಹೇಳದೆ ಇರಲಾರೆ. ಮೊಲೊಕಿನಿ ಅನ್ನುವುದು ಮುಳುಗಿದ ಜ್ವಾಲಾಮುಖಿಯ ಬಾಯಿ. ಅರ್ಧಚಂದ್ರಾಕಾರದ ಅಂಚು ಮಾತ್ರ ನೀರಿನ ಮೇಲಿದೆ, ಎತ್ತರ ಸುಮಾರು 50 ಮೀಟರ್. ಮೌಯಿಯ ದಕ್ಷಿಣ ತೀರದಿಂದ ಐದು ಕಿಲೋಮೀಟರ್ ಆಸುಪಾಸು, ಮೌಯಿಗೂ ಕಹೋಲವೆ ದ್ವೀಪಕ್ಕೂ ನಡುವಿನ ಜಲಸಂಧಿಯಲ್ಲಿದೆ. ತೋಳು ಬಳಸಿದ ಹಾಗಿರುವ ಅಂಚು ಒಳಗಿನ ನೀರಿಗೆ ಅಲೆಯ ಹೊಡೆತ ತಾಗದಂತೆ ಕಾಯುತ್ತದೆ. ಅಲ್ಲಿ ಹೊಳೆಯಿಲ್ಲ, ಕೆಸರು ತಂದು ಸುರಿಯುವ ನೆಲವಿಲ್ಲ. ಒಳ್ಳೆಯ ದಿನ ನೀರಿನಲ್ಲಿ 45 ಮೀಟರ್‌ವರೆಗೂ ಕಣ್ಣು ಹಾಯುತ್ತದೆ. 1977ರಿಂದ ಅದು ಸರ್ಕಾರದ ಸಂರಕ್ಷಿತ ಸಮುದ್ರ ಪ್ರದೇಶ. ದ್ವೀಪದ ಮೇಲೆ ಕಾಲಿಡುವಂತಿಲ್ಲ, ಅದು ಕಡಲ ಹಕ್ಕಿಗಳು ಗೂಡು ಕಟ್ಟುವ ಜಾಗ.

ಗಾಳಿಪಟ

ವಾಂತಿ ವಿಷಯ ಯಾರೂ ಕೇಳಿಲ್ಲ, ಆದ್ರೂ ನಾ ಹೇಳ್ತೀನ್ರಿ. ಕ್ಯಾಟಮರಾನ್‌ಗೆ ಎರಡು ಒಡಲು ಇರ್ತಾವ, ಅಗಲ ಭಾಳ, ಹಂಗಾಗಿ ಒಂಟಿ ಒಡಲಿನ ಹಾಯಿದೋಣಿ ಥರ ಒಂದು ಕಡೆ ವಾಲೂದಿಲ್ಲ. ಅದನ್ನ ಕೇಳಿ "ಹಂಗಾರ ವಾಂತಿ ಆಗೂದಿಲ್ಲ" ಅಂತ ತಿಳ್ಕೋಬ್ಯಾಡ್ರಿ. ಸಣ್ಣ ಸಣ್ಣ ಗಿಡ್ಡ ಅಲೆ ಬಂದಾಗ ಒಂದು ನಮೂನಿ ಗಡಗಡ ಅಲುಗಾಡ್ತದ, ಎರಡೂ ಒಡಲಿನ ನಡುವಿನ ತಳಕ್ಕ ನೀರು ಬಂದು ಧಡ್ ಅಂತ ಬಡೀತದ. ಗುಳಿಗಿ ತೊಗೊಳ್ಳೂದಿದ್ರ ದೋಣಿ ಏರೂಕಿಂತ ಒಂದು ತಾಸು ಮೊದಲ ತೊಗೋರಿ, ಹೊಟ್ಟಿ ತೊಳಸಲಿಕ್ಕೆ ಹತ್ತಿದ ಮ್ಯಾಲೆ ನುಂಗಿದ್ರ ಏನೂ ಉಪಯೋಗ ಇಲ್ಲ. ಹಿರಿಯರಿಗೆ ಆ ಗುಳಿಗಿಯಿಂದ ನಿದ್ದಿಮಂಪರು ಬರ್ತದ, ಅವರ ಡಾಕ್ಟರ್‌ನ ಕೇಳಿ ಕೊಡ್ರಿ.

ದೋಣಿ ಮುಂದ ಎರಡೂ ಒಡಲಿನ ನಡುವ ಕಟ್ಟಿದ ಬಲೆ ಮ್ಯಾಲೆ ಮಲಗಿ ಹೋಗೂದು ಭಾಳ ಚಂದ, ಮಗಳಿಗೆ ಖುಷಿ ಆಗ್ತದ, ಖರೆ ಅಲ್ಲೇ ಅಲುಗಾಟ ಜಾಸ್ತಿ. ವಾಂತಿ ಸ್ವಭಾವ ಇದ್ದವರು ಹಿಂದಿನ ಕಡೆ, ನಟ್ಟನಡುವ ಕುಂದರ್ರಿ. ದೂರದ ದಿಗಂತ ನೋಡ್ರಿ, ಮೊಬೈಲ್ ನೋಡಬ್ಯಾಡ್ರಿ. ಖಾಲಿ ಹೊಟ್ಟಿಲೆನೂ ಹೋಗಬ್ಯಾಡ್ರಿ.

ಮೀನುಗಣ್ಣು

ಮಾಸ್ಕ್ ಪ್ರಶ್ನೆಗೆ ನನ್ನ ಉತ್ತರ: ಮುಖ ಪೂರ್ತಿ ಮುಚ್ಚುವುದು ಬೇಡ. ಮೂಗಿನಿಂದ ಸಲೀಸಾಗಿ ಉಸಿರಾಡಬಹುದು ಅನ್ನುವುದು ನಿಜ, ಹೊಸಬರಿಗೆ ಅದು ಆಕರ್ಷಕ. ಆದರೆ ಒಳಗೆ ನೀರು ಬಂದರೆ ಬಾಯಿಂದ ಕೊಳವೆ ಉಗುಳಿ ಗಾಳಿ ಎಳೆದುಕೊಳ್ಳುವ ದಾರಿಯೇ ಇಲ್ಲ. ಪಟ್ಟಿಗಳನ್ನು ಬಿಚ್ಚಿ ಇಡೀ ಮಾಸ್ಕ್ ಕಿತ್ತು ತೆಗೆಯಬೇಕು. ಕಳಪೆ ವಿನ್ಯಾಸದವುಗಳಲ್ಲಿ ಬಿಟ್ಟ ಉಸಿರೇ ಮತ್ತೆ ಒಳಗೆ ಸೇರುವ ಅಪಾಯವೂ ಇದೆ. ಎಷ್ಟೋ ದೋಣಿಯವರು ಅದನ್ನು ಹಾಕಿಕೊಳ್ಳಲು ಬಿಡುವುದೂ ಇಲ್ಲ.

ಸಾಮಾನ್ಯ ಮಾಸ್ಕ್ ದೋಣಿಯಲ್ಲೇ ಕೊಡುತ್ತಾರೆ. ಆರಿಸುವ ಕ್ರಮ ಹೀಗೆ: ಪಟ್ಟಿಯನ್ನು ಹಿಂದಕ್ಕೆ ಹಾಕಬೇಡಿ, ಗಾಜಿನ ಮುಂದಕ್ಕೆ ತಿರುಗಿಸಿ. ಕೂದಲು ಹಿಂದಕ್ಕೆ ಸರಿಸಿ ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಒತ್ತಿ, ಮೂಗಿನಿಂದ ಚೂರೇ ಚೂರು ಉಸಿರೆಳೆದು ಹಿಡಿದು, ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮಾಸ್ಕ್. ಎಲ್ಲೋ ಒಂದು ಮೂಲೆಯಿಂದ ಸುಯ್ ಅಂತ ಗಾಳಿ ನುಸುಳಿದರೆ ಅಲ್ಲಿಂದಲೇ ನೀರೂ ನುಸುಳುತ್ತದೆ, ಬೇರೆ ಕೇಳಿ. ಪಟ್ಟಿ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ, ಬಿಗಿ ಹೆಚ್ಚಾದಷ್ಟೂ ರಬ್ಬರಿನ ಅಂಚು ಮಡಚಿಕೊಂಡು ಸೋರಿಕೆ ಜಾಸ್ತಿಯಾಗುತ್ತದೆ. ಮೀಸೆ ಇರುವವರಿಗೆ ಮೇಲ್ತುಟಿಯ ಹತ್ತಿರ ಸ್ವಲ್ಪ ನೀರು ಬರುವುದು ಸಹಜ, ಅಲ್ಲಿ ವ್ಯಾಸಲೀನ್ ಸವರಿಕೊಳ್ಳಿ. ಕನ್ನಡಕ ಹಾಕುವವರು ಇದ್ದರೆ ಪವರ್ ಇರುವ ಮಾಸ್ಕ್ ಇದೆಯೇ ಅಂತ ಬುಕ್ ಮಾಡುವಾಗಲೇ ವಿಚಾರಿಸಿ.

ನೀರೊಳಗೆ ಎಲ್ಲವೂ ಕಾಲುಭಾಗ ಹತ್ತಿರ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ ಅಂತ ಮಗಳಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮೀನು ಮುಖಕ್ಕೇ ಬಂತು ಅಂತ ಬೆಚ್ಚಿಬೀಳುವ ಮಕ್ಕಳಿದ್ದಾರೆ.

ಮೊಲೊಕಿನಿಯಲ್ಲಿ ಸುಮಾರು 250 ಬಗೆಯ ಮೀನುಗಳಿವೆ. ಇಳಿದ ತಕ್ಷಣ ಕಾಣುವುದು ಹೆಚ್ಚಾಗಿ ಕಪ್ಪು ಟ್ರಿಗರ್ ಮೀನಿನ ಹಿಂಡು. ದೂರದಿಂದ ಬರೀ ಕಪ್ಪು, ಹತ್ತಿರ ಬಂದಾಗ ರೆಕ್ಕೆಯ ಬುಡದಲ್ಲಿ ತಿಳಿನೀಲಿ ಗೆರೆ ಮಿಂಚುತ್ತದೆ. ಗಿಳಿಮೀನುಗಳನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಕೈಕಾಲು ಆಡಿಸುವುದನ್ನು ನಿಲ್ಲಿಸಿ ಸುಮ್ಮನೆ ತೇಲಿ ಆಲಿಸಿ, ಕರಕರ ಅಂತ ಕಡಿಯುವ ಸದ್ದು ಕೇಳುತ್ತದೆ. ಕೊಕ್ಕಿನಂಥ ಹಲ್ಲಿನಿಂದ ಬಂಡೆ, ಹವಳ ಕೆರೆದು ಪಾಚಿ ತಿನ್ನುತ್ತವೆ, ನುಂಗಿದ ಸುಣ್ಣವನ್ನು ನುಣ್ಣಗೆ ಅರೆದು ಹಿಂದಿನಿಂದ ಬೆಳ್ಳನೆಯ ಮೋಡದ ಹಾಗೆ ಬಿಡುತ್ತವೆ. ಹವಾಯಿಯ ಬಿಳಿ ಮರಳಿನ ದಂಡೆಗಳಲ್ಲಿ ದೊಡ್ಡ ಪಾಲು ಹೀಗೆ ಆದದ್ದೇ. ಒಂದು ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ಅದನ್ನು ಕಣ್ಣಾರೆ ನೋಡುವ ಮಗುವಿಗೆ ದಂಡೆಯ ಮರಳು ಆಮೇಲೆ ಬೇರೆಯದೇ ಆಗಿ ಕಾಣುತ್ತದೆ.

ಬಿಳಿಕೋಟು

ವೈದ್ಯೆಯಾಗಿ ನಿಮ್ಮ ತಂದೆಯವರ ಬಗ್ಗೆ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಪೂರ್ತಿ ಓದಿ.

ಹವಾಯಿಗೆ ಬರುವ ಪ್ರವಾಸಿಗರು ನೀರಿನಲ್ಲಿ ಸಾಯುವ ಪ್ರಕರಣಗಳಲ್ಲಿ ಸ್ನಾರ್ಕೆಲಿಂಗ್ ಮುಂಚೂಣಿಯಲ್ಲಿದೆ. ಸತ್ತವರಲ್ಲಿ ನಡುವಯಸ್ಸು ದಾಟಿದ ಗಂಡಸರು ಹೆಚ್ಚು. ಅನೇಕರು ಒದ್ದಾಡಲೂ ಇಲ್ಲ, ಕೂಗಲೂ ಇಲ್ಲ. ಪಕ್ಕದಲ್ಲಿದ್ದವರಿಗೆ ಇವರು ಮೀನು ನೋಡುತ್ತಿದ್ದಾರೆ ಅಂತಲೇ ಅನ್ನಿಸಿರುತ್ತದೆ. ಹವಾಯಿಯಲ್ಲಿ ಇದರ ಬಗ್ಗೆ ನಡೆದ ಅಧ್ಯಯನ ಒಂದು ಮುಖ್ಯ ಕಾರಣದತ್ತ ಬೊಟ್ಟು ಮಾಡಿತು: ನೀರು ಕುಡಿದು ಮುಳುಗುವುದಲ್ಲ, ಶ್ವಾಸಕೋಶದೊಳಗೆ ದೇಹದ್ದೇ ದ್ರವ ದಿಢೀರನೆ ತುಂಬಿಕೊಳ್ಳುವುದು.

ಹೇಗೆ ಅಂದರೆ, ಕುತ್ತಿಗೆವರೆಗೆ ನೀರಿನಲ್ಲಿದ್ದಾಗ ಕೈಕಾಲಿನ ರಕ್ತ ಎದೆಯ ಕಡೆಗೆ ಒತ್ತರಿಸುತ್ತದೆ. ಕಿರಿದಾದ ಕೊಳವೆಯಿಂದ ಗಾಳಿ ಎಳೆಯಲು ಶ್ರಮ ಬೇಕು, ಪ್ರತಿ ಸಲ ಎಳೆದಾಗಲೂ ಎದೆಯೊಳಗೆ ಒತ್ತಡ ಕುಸಿಯುತ್ತದೆ. ಇದರ ಮೇಲೆ ಜೋರಾಗಿ ಕಾಲು ಬಡಿದರೆ, ಹೃದಯದ ಸ್ನಾಯು ಮೊದಲೇ ಬಿಗಿತು ಸರಿಯಾಗಿ ಸಡಿಲಗೊಳ್ಳದಂತಾಗಿದ್ದರೆ, ಬಿಪಿ ಇದ್ದರೆ, ರಕ್ತನಾಳದಿಂದ ದ್ರವ ಶ್ವಾಸಕೋಶಕ್ಕೆ ಜಿನುಗುತ್ತದೆ. ದೀರ್ಘ ವಿಮಾನ ಪ್ರಯಾಣ ಮಾಡಿ ಬಂದ ಮೊದಲ ದಿನಗಳಲ್ಲಿ ಅಪಾಯ ಹೆಚ್ಚಿರಬಹುದು ಎಂಬ ಅನುಮಾನವನ್ನೂ ಅಧ್ಯಯನ ಮುಂದಿಟ್ಟಿದೆ.

ಲಕ್ಷಣ: ಕಾರಣವಿಲ್ಲದೆ ಏದುಸಿರು, ತೋಳು ತೊಡೆ ಸೋತುಹೋಗುವುದು, ಏನೋ ಆಗುತ್ತಿದೆ ಅನ್ನುವ ಭಯ. ಆಗ ಮಾಡಬೇಕಾದ್ದು ಕೊಳವೆ ಉಗುಳುವುದು, ಅಂಗಾತ ತಿರುಗುವುದು, ಕೈ ಎತ್ತಿ ಕರೆಯುವುದು, ನೀರಿನಿಂದ ಹೊರಗೆ ಬರುವುದು. "ಇನ್ನೊಂದು ನಿಮಿಷ ನೋಡೋಣ" ಅನ್ನುವುದು ಬೇಡ.

ಅಲೆಮಾರಿ

ಡಾಕ್ಟರ್ ಮೇಡಂ, ಇಷ್ಟು ಹೆದರಿಸಿದರೆ ಹಿರಿಯರು ಯಾರೂ ಮನೆಯಿಂದ ಆಚೆಗೇ ಬರಲ್ಲ. ನಮ್ಮಮ್ಮ ಅದೇ ವಯಸ್ಸಿನವರು, ಈಜು ಬರಲ್ಲ, ಲೈಫ್ ಜಾಕೆಟ್ ಹಾಕಿಕೊಂಡು ಹಾಯಾಗಿ ತೇಲಿದರು. ಲೈಫ್ ಜಾಕೆಟ್ ಇದ್ದ ಮೇಲೆ ಮುಳುಗುವ ಮಾತೆಲ್ಲಿ?

ಬಿಳಿಕೋಟು

ನಿಮ್ಮ ತಾಯಿ ಹಾಯಾಗಿ ತೇಲಿದ್ದು ಸಂತೋಷ. ನಾನು ಯಾರನ್ನೂ ಮನೆಯಲ್ಲಿ ಕೂರಿಸಬೇಕು ಅನ್ನುತ್ತಿಲ್ಲ. ಆದರೆ ಲೈಫ್ ಜಾಕೆಟ್ ಮುಳುಗದಂತೆ ಹಿಡಿದಿಡುತ್ತದೆ, ಶ್ವಾಸಕೋಶದೊಳಗೆ ದ್ರವ ತುಂಬುವುದನ್ನು ತಡೆಯುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡಿರುವುದರಿಂದಲೇ ಜನ ತಡವಾಗಿ ಎಚ್ಚೆತ್ತುಕೊಳ್ಳುತ್ತಾರೆ.

ಹೊಸಪಯಣಿಗರೇ, ನಿಮ್ಮ ತಂದೆಯವರು ಹೊರಡುವ ಮುಂಚೆ ಅವರ ವೈದ್ಯರನ್ನು ಕಾಣಲಿ, ಹೃದಯದ ಎಕೋ ಆಗಿದೆಯೇ, ಬಿಪಿ ಹತೋಟಿಯಲ್ಲಿದೆಯೇ ನೋಡಲಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು ಇಳಿಯುವುದೇ ಬೇಡ. ವೈದ್ಯರು ಒಪ್ಪಿದರೆ ಮೊದಲು ಎದೆಮಟ್ಟದ ನೀರಿನಲ್ಲಿ, ಕಾಲು ನೆಲಕ್ಕೆ ತಾಗುವ ಕಡೆ, ಕೊಳವೆಯಿಂದ ಉಸಿರಾಡಿ ನೋಡಲಿ. ಅಲ್ಲಿ ಆರಾಮಾಗಿದ್ದರೆ ಮಾತ್ರ ಮುಂದಿನ ಮಾತು. ಕೆರೆಯಲ್ಲಿ ಈಜಿದ ಅನುಭವ ಧೈರ್ಯ ಕೊಡುತ್ತದೆ, ಐವತ್ತು ವರ್ಷದ ಹಿಂದಿನ ಹೃದಯ ಕೊಡುವುದಿಲ್ಲ.

ಅಲೆಮಾರಿ

ಸರಿ ಮೇಡಂ, ಆ ವ್ಯತ್ಯಾಸ ಗೊತ್ತಿರಲಿಲ್ಲ. ತಿಳಿಸಿದ್ದು ಒಳ್ಳೆಯದಾಯಿತು.

ಈಜು ಬಾರದ ಹೆಂಡತಿಯ ಬಗ್ಗೆ ಒಂದು ಮಾತು. ಹಿಂದಿನ ದಿನವೇ ಹೋಟೆಲಿನ ಈಜುಕೊಳದಲ್ಲಿ ಅಭ್ಯಾಸ ಮಾಡಿಸಿ. ಮೊದಲು ಈಜುವುದಲ್ಲ, ಬರೀ ಮುಖ ನೀರಿಗಿಟ್ಟು ಉಸಿರಾಡುವುದು. ಮೂಗು ಮುಚ್ಚಿ ಬಾಯಿಂದ ಉಸಿರಾಡು ಅಂದರೆ ಮೆದುಳು ಒಪ್ಪಲು ಹೊತ್ತು ಹಿಡಿಯುತ್ತದೆ. ಉಸಿರನ್ನು ನಿಧಾನವಾಗಿ, ಪೂರ್ತಿಯಾಗಿ ಹೊರಗೆ ಬಿಡುವುದನ್ನು ಕಲಿತರೆ ಉಳಿದದ್ದು ತಾನೇ ಬರುತ್ತದೆ. ಗಾಬರಿಯಾದವರು ಒಳಗೆ ಎಳೆಯುತ್ತಲೇ ಇರುತ್ತಾರೆ, ಬಿಡುವುದನ್ನು ಮರೆಯುತ್ತಾರೆ. ಕೊಳವೆಗೆ ನೀರು ಬಂದರೆ ಒಂದೇ ಸಲ ಜೋರಾಗಿ "ಥೂ" ಅಂತ ಊದಿ ಹೊರಹಾಕುವುದನ್ನೂ ಅಲ್ಲೇ ಕಲಿಸಿ.

ದೋಣಿಯಲ್ಲಿ ತೇಲುವ ಬೆಲ್ಟು, ಹಿಡಿದು ತೇಲಲು ಸ್ಪಂಜಿನ ಉದ್ದ ಕೋಲು ಕೊಡುತ್ತಾರೆ. ಕೆಲವರ ಹತ್ತಿರ ನಡುವೆ ಗಾಜು ಕೂರಿಸಿದ ತೇಲುಹಲಗೆ ಇರುತ್ತದೆ, ಎರಡೂ ಕೈಯಲ್ಲಿ ಹಿಡಿದು ಮಲಗಿದರೆ ಮಾಸ್ಕ್ ಇಲ್ಲದೆಯೂ ತಳ ಕಾಣುತ್ತದೆ. ಅದು ಇರುವ ದೋಣಿಯನ್ನೇ ಹುಡುಕಿ. ಕ್ಯಾಟಮರಾನ್‌ನ ಇನ್ನೊಂದು ಅನುಕೂಲ, ಹಿಂಭಾಗದಲ್ಲಿ ಮೆಟ್ಟಿಲು ನೀರಿಗೇ ಇಳಿಯುತ್ತದೆ, ಹಾರಬೇಕಾಗಿಲ್ಲ. ಕೊನೆಯ ಮೆಟ್ಟಿಲ ಮೇಲೆ ಕೂತು, ಕಾಲಿಗೆ ಈಜುರೆಕ್ಕೆ (ಫಿನ್) ಹಾಕಿಕೊಂಡು, ಮಾಸ್ಕ್ ಸರಿಪಡಿಸಿಕೊಂಡು, ಹಾಗೇ ಜಾರಿದರಾಯಿತು.

ಕಡಲಕಾಗೆ

ಇದಕ್ಕೆ ಒಂದು ಸೇರಿಸುತ್ತೇನೆ. ಕುಳಿಯ ಒಳಗೆ, ಅಂಚಿನ ಗೋಡೆಗೂ ದೋಣಿಗೂ ನಡುವೆಯೇ ಇರಿ. ಅರ್ಧಚಂದ್ರದ ಎರಡು ತುದಿಗಳ ಕಡೆ ಹೋದಷ್ಟೂ ಸೆಳೆತ ಹೆಚ್ಚು, ಹೊರಗೋಡೆಯ ಕಡೆ ತಳ 90 ಮೀಟರ್‌ನಷ್ಟು ಆಳಕ್ಕೆ ನೇರ ಇಳಿಯುತ್ತದೆ. ತಲೆ ಕೆಳಗೆ ಹಾಕಿ ಮೀನು ನೋಡುತ್ತಿದ್ದರೆ ಎಷ್ಟು ದೂರ ಬಂದೆವು ಅನ್ನುವುದೇ ತಿಳಿಯುವುದಿಲ್ಲ. ಆಗಾಗ ತಲೆ ಎತ್ತಿ ದೋಣಿ ಎಲ್ಲಿದೆ ನೋಡಿ. ಮಗಳು ಎಷ್ಟೇ ಚೆನ್ನಾಗಿ ಈಜಿದರೂ ನಿಮ್ಮ ಕೈಗೆಟುಕುವಷ್ಟು ಹತ್ತಿರವೇ ಇರಲಿ, ಕೊಳದ ಈಜು ಬೇರೆ, ಕಡಲಿನದು ಬೇರೆ.

ನಡುಗಡ್ಡೆ

ನಿಯಮಗಳನ್ನು ಯಾರೂ ಹೇಳಲಿಲ್ಲ. ಇವು ನನಗೆ ತುಂಬ ಮುಖ್ಯ ಅನ್ನಿಸುವುದರಿಂದ ಬರೆಯುತ್ತಿದ್ದೇನೆ.

ಸನ್‌ಸ್ಕ್ರೀನ್: ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ ರಾಜ್ಯ 2021ರ ಜನವರಿಯಿಂದ ನಿಷೇಧಿಸಿದೆ. ಮೌಯಿ ಕೌಂಟಿ (ಅಲ್ಲಿನ ಜಿಲ್ಲಾಡಳಿತ) ಇನ್ನೂ ಬಿಗಿ, 2022ರ ಅಕ್ಟೋಬರ್‌ನಿಂದ ಖನಿಜದ ಸನ್‌ಸ್ಕ್ರೀನ್ ಬಿಟ್ಟು ಬೇರೆಯದನ್ನು ಬಳಸುವಂತೆಯೇ ಇಲ್ಲ. ಡಬ್ಬಿಯ ಮೇಲೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಅಂತ ಇದ್ದರೆ ಸರಿ. ಅದಕ್ಕಿಂತ ಒಳ್ಳೆಯದು ಉದ್ದ ತೋಳಿನ ಈಜುಡುಗೆ. ತೇಲುವಾಗ ಸುಡುವುದು ಬೆನ್ನು, ಮೊಣಕಾಲಿನ ಹಿಂಭಾಗ, ಕತ್ತು. ಅಲ್ಲಿ ಬಟ್ಟೆ ಇದ್ದರೆ ಹಚ್ಚುವ ಗೋಜೇ ಕಡಿಮೆ.

ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಕಲ್ಲಿನ ಹಾಗೆ ಕಂಡರೂ ಮೇಲ್ಪದರ ಜೀವವಿರುವುದು. ಕಾಲಿನ ರೆಕ್ಕೆ ತಗುಲಿದ ಕಡೆ ವರ್ಷಗಟ್ಟಲೆ ಬೆಳೆದದ್ದು ಮುರಿಯುತ್ತದೆ. ಮೊಲೊಕಿನಿಯಲ್ಲಿ ದೋಣಿಗಳು ಲಂಗರು ಹಾಕದೆ, ತಳಕ್ಕೆ ಖಾಯಂ ಆಗಿ ಬಿಗಿದ ತೇಲುಬುರುಡೆಗೆ ಹಗ್ಗ ಕಟ್ಟುವುದು ಈ ಕಾರಣಕ್ಕೇ. ಮೀನಿಗೆ ತಿಂಡಿ ಹಾಕುವಂತಿಲ್ಲ.

ಎರಡನೇ ನಿಲುಗಡೆ ಸಾಮಾನ್ಯವಾಗಿ ಮೌಯಿಯ ದಕ್ಷಿಣ ತೀರದ ಆಮೆಗಳ ಜಾಗ. ಹಸಿರು ಕಡಲಾಮೆಗಳು ಉಸಿರಿಗಾಗಿ ಮೇಲೆ ಬರುತ್ತವೆ, ಮೂರು ಮೀಟರ್ ದೂರ ಬಿಡಿ, ಮೇಲೆ ಬರುವ ದಾರಿಗೆ ಅಡ್ಡ ತೇಲಬೇಡಿ. ಸ್ಪಿನ್ನರ್ ಡಾಲ್ಫಿನ್‌ಗಳ ಜೊತೆ ಈಜಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅವು ರಾತ್ರಿ ಬೇಟೆಯಾಡಿ ಹಗಲು ತೀರದ ಬಳಿ ವಿಶ್ರಮಿಸುತ್ತವೆ. 2021ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ನಿಯಮದಂತೆ 45 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ.

ಹೊಸಪಯಣಿಗ

ಎಲ್ಲರಿಗೂ ಮನಸಾರೆ ಧನ್ಯವಾದ. ಡಾಕ್ಟರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆಕಪ್ ಮಾಡಿಸೋಣ, ಬೇಡ ಅಂದರೆ ದೋಣಿಯಲ್ಲೇ ಕೂರ್ತೀನಿ, ಆದರೆ ನನ್ನ ಬಿಟ್ಟು ಹೋಗಬೇಡಿ" ಅಂದರು. ಇಳಿಯದೆ ದೋಣಿಯಲ್ಲೇ ಕೂತರೆ ಅವರಿಗೆ ಬೇಜಾರಾಗುತ್ತದೆಯೇ? ಐದು ಗಂಟೆ ಅಂದರೆ ಕಡಿಮೆಯಲ್ಲ.

ಕಡಲಕಾಗೆ

ಡಿಸೆಂಬರ್ ಕೊನೆ ಅಂದಿರಿ. ಬೇಜಾರಿನ ಮಾತೇ ಇಲ್ಲ.

ಆ ಹೊತ್ತಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಅಲಾಸ್ಕಾದಿಂದ ಸುಮಾರು 4,800 ಕಿಲೋಮೀಟರ್ ಈಜಿ ಬಂದಿರುತ್ತವೆ, ಮರಿ ಹಾಕಲು, ಜೋಡಿಯಾಗಲು. ಏಪ್ರಿಲ್‌ವರೆಗೂ ಇರುತ್ತವೆ. ಮೌಯಿ, ಲಾನಾಯಿ, ಕಹೋಲವೆ, ಮೊಲೊಕಾಯಿ ದ್ವೀಪಗಳ ನಡುವಿನ ಆಳವಿಲ್ಲದ ನೀರು ಅವಕ್ಕೆ ಬಲು ಇಷ್ಟ. ದೋಣಿಗಳು 90 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ, ಆದರೆ ನಿಂತ ದೋಣಿಯ ಪಕ್ಕ ತಿಮಿಂಗಿಲವೇ ಬಂದರೆ ತಡೆಯುವವರಾರು? ನಲವತ್ತು ಟನ್ ತೂಗುವ ಜೀವ ಉಸಿರು ಬಿಡುವ ಸದ್ದು ದೂರದಿಂದಲೇ ಕೇಳುತ್ತದೆ, ಆಮೇಲೆ ಬೆನ್ನು ಬಾಗಿಸಿ ಬಾಲ ಎತ್ತಿ ಮುಳುಗುತ್ತದೆ. ಮುಳುಗಿದ ಜಾಗದಲ್ಲಿ ನೀರು ಎಣ್ಣೆ ಸುರಿದ ಹಾಗೆ ನುಣುಪಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ, ಅಪ್ಪನಿಗೆ ಅದನ್ನು ತೋರಿಸಿ. ನೀರಿಗಿಳಿದ ನಿಮಗೆ ಗಂಡು ತಿಮಿಂಗಿಲದ ಹಾಡು ಕೇಳಿಸಬಹುದು. ಕೆಲವು ದೋಣಿಗಳು ನೀರಿಗೆ ಮೈಕ್ ಇಳಿಬಿಟ್ಟು ಮೇಲೆ ಕೂತವರಿಗೂ ಕೇಳಿಸುತ್ತವೆ. ಬುಕ್ ಮಾಡುವಾಗ ಅದನ್ನೂ, ನೆರಳಿರುವ ಕೂರುವ ಜಾಗವನ್ನೂ ವಿಚಾರಿಸಿ.

ಮೊಲೊಕಿನಿಯ ಆಚೆ ಕಾಣುವ ಕೆಮ್ಮಣ್ಣಿನ ದ್ವೀಪ ಕಹೋಲವೆ. ಅದರ ಕಥೆ ಅಪ್ಪನಿಗೆ ಖಂಡಿತ ಹಿಡಿಸುತ್ತದೆ. 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ಅಮೆರಿಕದ ಸೈನ್ಯ ಇಡೀ ದ್ವೀಪವನ್ನು ಬಾಂಬ್ ಅಭ್ಯಾಸಕ್ಕೆ ತೆಗೆದುಕೊಂಡಿತು. 1990ರವರೆಗೂ ಅದರ ಮೇಲೆ ಬಾಂಬ್ ಬಿತ್ತು. ಮೊಲೊಕಿನಿಯೂ ಗುರಿಯಾಗಿತ್ತು. 1976ರಿಂದ ಹವಾಯಿಯ ಮೂಲನಿವಾಸಿ ಯುವಕರು ದೋಣಿಯಲ್ಲಿ ಕದ್ದು ಹೋಗಿ ದ್ವೀಪದ ಮೇಲೆ ಕೂತು ಪ್ರತಿಭಟಿಸಿದರು. ಅವರಲ್ಲಿ ಹಾಡುಗಾರ ಜಾರ್ಜ್ ಹೆಲ್ಮ್ ಮತ್ತು ಕಿಮೊ ಮಿಚೆಲ್ 1977ರ ಮಾರ್ಚ್‌ನಲ್ಲಿ ಇದೇ ಜಲಸಂಧಿಯಲ್ಲಿ ಕಾಣೆಯಾದರು, ಮತ್ತೆ ಸಿಗಲೇ ಇಲ್ಲ. 1994ರಲ್ಲಿ ದ್ವೀಪ ರಾಜ್ಯದ ಕೈಗೆ ವಾಪಸ್ ಬಂತು. ಸಿಡಿಯದ ಬಾಂಬ್‌ಗಳು ಇನ್ನೂ ಇರುವುದರಿಂದ ಇವತ್ತಿಗೂ ಅನುಮತಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ನಾವು ಮೀನು ನೋಡಲು ತೇಲುವ ನೀರಿಗೆ ಆ ಇಬ್ಬರ ಋಣವಿದೆ ಅಂತ ನಾನು ನಂಬಿದ್ದೇನೆ.

ಅಲೆಮಾರಿ

ದುಡ್ಡಿನ ವಿಷಯ: ಬೆಳಗಿನ ಟ್ರಿಪ್‌ಗೆ ದೊಡ್ಡವರಿಗೆ ತಲಾ 150 ಡಾಲರ್ ಮೇಲೆಯೇ ಹಿಡಿದುಕೊಳ್ಳಿ, ತಿಂಡಿ ಊಟ ಸೇರಿ. ಸಿಬ್ಬಂದಿಗೆ 15ರಿಂದ 20 ಶೇಕಡ ಟಿಪ್ ಅಲ್ಲಿನ ರೂಢಿ. ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ. ಗಾಳಿಯಿಂದ ರದ್ದಾದರೆ, ಅಥವಾ ಮೊಲೊಕಿನಿ ಬಿಟ್ಟು ಬೇರೆಡೆಗೆ ಕರೆದೊಯ್ದರೆ ದುಡ್ಡು ವಾಪಸ್ ಕೊಡುತ್ತಾರೆಯೇ ಅನ್ನುವುದನ್ನು ಓದಿಯೇ ಬುಕ್ ಮಾಡಿ. ಹಳೆಯ ಬರಹಗಳಲ್ಲಿ ಲಹೈನಾ ಬಂದರಿನಿಂದ ಹೊರಡುವ ದೋಣಿಗಳ ಮಾತು ಬರುತ್ತದೆ, 2023ರ ಆಗಸ್ಟ್‌ನ ಬೆಂಕಿಯಲ್ಲಿ ಆ ಬಂದರು ಸುಟ್ಟುಹೋಯಿತು. ಮಾಲಾಯ ಬಿಟ್ಟರೆ ಕಾನಾಪಾಲಿ ದಂಡೆಯಿಂದ ಹೊರಡುವ ಕ್ಯಾಟಮರಾನ್‌ಗಳಿವೆ, ಮರಳಿಗೇ ಬಂದು ನಿಲ್ಲುತ್ತವೆ, ಆದರೆ ಅಲೆಯ ಮಧ್ಯೆ ಏಣಿ ಹತ್ತಬೇಕು. ಅಪ್ಪನಿಗೆ ಮಾಲಾಯದ ಕಟ್ಟೆಯೇ ಸುಲಭ.

ಹೊಸಪಯಣಿಗ

ಮಾಲಾಯದಿಂದ ಬೆಳಗಿನದನ್ನೇ ಬುಕ್ ಮಾಡುತ್ತೇನೆ. ಕೊನೆಯ ಪ್ರಶ್ನೆ. ದೋಣಿ ಇಳಿದ ದಿನವೇ ಸಂಜೆ ಹಲೆಯಾಕಲ ಬೆಟ್ಟಕ್ಕೆ ಸೂರ್ಯಾಸ್ತ ನೋಡಲು ಹೋಗಬಹುದೇ? ನೀರಿಗಿಳಿದ ಮೇಲೆ ಎತ್ತರಕ್ಕೆ ಹೋಗಬಾರದು ಅಂತ ಎಲ್ಲೋ ಓದಿದ್ದೆ.

ಬಿಳಿಕೋಟು

ಆ ಎಚ್ಚರಿಕೆ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಮಾಡುವವರಿಗೆ. ಒತ್ತಡದಲ್ಲಿರುವ ಗಾಳಿ ಉಸಿರಾಡಿದಾಗ ಸಾರಜನಕ ದೇಹದಲ್ಲಿ ಕರಗಿರುತ್ತದೆ, ಎತ್ತರಕ್ಕೆ ಹೋದರೆ ಗುಳ್ಳೆಯಾಗುತ್ತದೆ. ಮೇಲ್ಮೈಯಲ್ಲಿ ತೇಲುವ ಸ್ನಾರ್ಕೆಲಿಂಗ್‌ಗೆ ಅದು ಅನ್ವಯಿಸುವುದಿಲ್ಲ. ಆದರೂ ತಂದೆಯವರ ದೃಷ್ಟಿಯಿಂದ ಅದೇ ದಿನ ಬೇಡ. ಬಿಸಿಲಲ್ಲಿ ಐದು ಗಂಟೆ ಇದ್ದು ಬಂದವರನ್ನು ಸಮುದ್ರಮಟ್ಟದಿಂದ ಎರಡು ಗಂಟೆಯೊಳಗೆ 3,000 ಮೀಟರ್‌ಗೆ ಏರಿಸುವುದು ಸರಿಯಲ್ಲ. ಮಧ್ಯೆ ಒಂದು ದಿನ ಬಿಡಿ, ದೋಣಿ ಇಳಿದ ದಿನ ಮಧ್ಯಾಹ್ನ ಮಲಗಲಿ, ನೀರು ಚೆನ್ನಾಗಿ ಕುಡಿಯಲಿ.

ಕಡಲಕಾಗೆ

ಬೆಟ್ಟದ ಮೇಲೆ ಸ್ವೆಟರ್ ಬೇಕು, ಸಂಜೆ ಬಹಳ ಚಳಿ. ಸೂರ್ಯೋದಯಕ್ಕೆ ಹೋಗುವುದಾದರೆ ವಾಹನಕ್ಕೆ ಮುಂಗಡ ಬುಕಿಂಗ್ ಕಡ್ಡಾಯ, ಸೂರ್ಯಾಸ್ತಕ್ಕೆ ಬೇಡ. ದೋಣಿಯನ್ನು ಪ್ರವಾಸದ ಮೊದಲರ್ಧಕ್ಕೇ ಇಟ್ಟುಕೊಳ್ಳಿ, ಆದರೆ ಬಂದಿಳಿದ ಮರುದಿನವೇ ಬೇಡ. ಗಾಳಿಯಿಂದ ಒಂದು ದಿನ ತಪ್ಪಿದರೂ ಇನ್ನೊಂದು ಬೆಳಿಗ್ಗೆ ಕೈಯಲ್ಲಿರುತ್ತದೆ.